ಬೆಟ್ಟದ ನಾಡಿನಲ್ಲಿ ಏದುಸಿರಿಲ್ಲದ ದಾರಿ: ಐಫೆಲ್‌ನ ಜ್ವಾಲಾಮುಖಿ ಸೀಮೆಯಲ್ಲಿ ಸೈಕಲ್ ಪ್ರವಾಸ

ಜರ್ಮನಿಯ ಪಶ್ಚಿಮ ಅಂಚಿನಲ್ಲಿ, ಕಲೋನ್ ಮತ್ತು ಟ್ರಿಯರ್ ನಗರಗಳ ನಡುವೆ ಐಫೆಲ್ ಎಂಬ ಗುಡ್ಡಗಾಡಿದೆ. ಅದರ ನಡುಭಾಗದ ಹೆಸರೇ ವುಲ್ಕಾನ್‌ಐಫೆಲ್, ಅಂದರೆ ಜ್ವಾಲಾಮುಖಿ ಐಫೆಲ್. ಹುಲ್ಲುಗಾವಲು, ಬೀಚ್ ಮರಗಳ ಕಾಡು, ನಡುನಡುವೆ ಬಟ್ಟಲಿನಂಥ ದುಂಡನೆಯ ಕೆರೆಗಳು. ಜ್ವಾಲಾಮುಖಿ ಸ್ಫೋಟದ ಗುಂಡಿಯಲ್ಲಿ ನೀರು ನಿಂತ ಈ ಕೆರೆಗಳಿಗೆ ಮಾರ್ ಎನ್ನುತ್ತಾರೆ. ಇಲ್ಲಿ ಡೌನ್ ಎಂಬ ಊರಿನಿಂದ ಮೋಸೆಲ್ ನದಿಯ ದಡದ ಬರ್ನ್‌ಕಾಸ್ಟೆಲ್-ಕೂಸ್‌ವರೆಗೆ ಸುಮಾರು 58 ಕಿಲೋಮೀಟರ್ ಉದ್ದದ ಸೈಕಲ್ ದಾರಿ ಇದೆ. ಹೆಸರು ಮಾರೆ-ಮೋಸೆಲ್ ರಾಡ್‌ವೆಗ್. ದಾರಿಯ ಬಹುಪಾಲು ಹಳೆಯ ರೈಲುಹಳಿಯ ಮೇಲೆಯೇ ಹೋಗುತ್ತದೆ. ಕಾರು, ಲಾರಿಗಳ ಕಾಟ ಇಲ್ಲ.

ಜರ್ಮನಿಯಲ್ಲಿ ಕೆಲಸಕ್ಕೋ ಓದಿಗೋ ಇರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನಿಮ್ಮಲ್ಲಿ ಅನೇಕರು ದಿನಾ ಆಫೀಸಿಗೆ ಸೈಕಲ್‌ನಲ್ಲೇ ಹೋಗುತ್ತೀರಿ. ಆದರೆ ಬ್ಯಾಗ್ ಕಟ್ಟಿಕೊಂಡು ಎರಡು ದಿನ ಊರೂರು ಸುತ್ತುವುದು, ಅದೂ ಗುಡ್ಡಗಾಡಿನಲ್ಲಿ, ನಮ್ಮಿಂದಾಗದ ಕೆಲಸ ಅಂದುಕೊಂಡಿರುತ್ತೀರಿ. ಆಗುತ್ತದೆ. ಸರಿಯಾದ ದಾರಿ ಆರಿಸಿಕೊಂಡರೆ ಹತ್ತು ವರ್ಷದ ಮಗುವಿಗೂ ಆಗುತ್ತದೆ, ಊರಿಂದ ಬಂದ ಅಪ್ಪನಿಗೂ ಆಗುತ್ತದೆ.

ಮೊದಲು ರೈಲುಹಳಿಯ ಗುಟ್ಟು ತಿಳಿದುಕೊಳ್ಳಿ

ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಬೇಗ ಜಾರುತ್ತದೆ. ಹಾಗಾಗಿ ರೈಲಿಗೆ ಕಡಿದಾದ ಏರು ಹತ್ತಲು ಬರುವುದಿಲ್ಲ. ನೂರು ಮೀಟರ್ ಮುಂದೆ ಹೋಗುವಾಗ ಎರಡು ಮೀಟರ್ ಮೇಲೇರಿದರೆ ಅದಕ್ಕೆ ಅದೇ ಜಾಸ್ತಿ. ಅದಕ್ಕೇ ಎಂಜಿನಿಯರುಗಳು ಕಣಿವೆ ಬಂದಲ್ಲಿ ಸೇತುವೆ ಕಟ್ಟಿದರು, ಗುಡ್ಡ ಬಂದಲ್ಲಿ ಸುರಂಗ ಕೊರೆದರು, ಉಳಿದ ಕಡೆ ಬೆಟ್ಟದ ಸೊಂಟ ಬಳಸಿ ಸುತ್ತಿ ಸುತ್ತಿ ಹೋದರು.

ಡೌನ್ ಮತ್ತು ವಿಟ್‌ಲಿಷ್ ನಡುವಿನ ಹಳಿ 20ನೇ ಶತಮಾನದ ಆರಂಭದಲ್ಲಿ ಬಂತು. 1980ರ ದಶಕದಲ್ಲಿ ರೈಲು ನಿಂತುಹೋಯಿತು. ಹಳಿ ಕಿತ್ತರು, ಡಾಂಬರು ಹಾಕಿದರು. ರೈಲಿಗಾಗಿ ಪಟ್ಟ ಶ್ರಮವೆಲ್ಲ ಈಗ ನಿಮ್ಮ ಮೊಣಕಾಲಿನ ಪಾಲಿಗೆ ಬಂದಿದೆ. ಸುತ್ತ ಎಲ್ಲಿ ನೋಡಿದರೂ ಏರು ತಗ್ಗು, ನಿಮ್ಮ ದಾರಿ ಮಾತ್ರ ಸಮ. ಗುಡ್ಡಗಾಡಿನಲ್ಲಿ ಸೈಕಲ್ ಪ್ರವಾಸ ಹೊಸದಾಗಿ ಶುರು ಮಾಡುವವರು ಯಾವ ದೇಶದಲ್ಲಿದ್ದರೂ ಮೊದಲು ಹುಡುಕಬೇಕಾದದ್ದು ಇಂಥ ಹಳೆಯ ಹಳಿಯನ್ನೇ.

ಆದರೆ ಒಂದು ಮಾತು. ರೈಲು ಹಾದುಹೋದದ್ದು ಊರುಗಳ ಪಕ್ಕದಲ್ಲಿ, ಜ್ವಾಲಾಮುಖಿಯ ಅಂಚಿನಲ್ಲಲ್ಲ. ಹಳಿಯ ದಾರಿಯನ್ನೇ ಹಿಡಿದು ಸುಮ್ನೆ ಜಾರಿಕೊಂಡು ಹೋದರೆ ಸಂಜೆಯೊಳಗೆ ಮೋಸೆಲ್ ಮುಟ್ಟುತ್ತೀರಿ, ಒಂದೇ ಒಂದು ಕೆರೆಯನ್ನೂ ಸರಿಯಾಗಿ ನೋಡಿರುವುದಿಲ್ಲ. ಹಳಿಯ ದಾರಿಯನ್ನು ಬೆನ್ನೆಲುಬು ಮಾಡಿಕೊಳ್ಳಿ. ಅದರಿಂದ ಆಚೆ ಈಚೆ ಎರಡೋ ಮೂರೋ ಸಣ್ಣ ಏರು ಹತ್ತಲು ಸಮಯ ಇಟ್ಟುಕೊಳ್ಳಿ. ಈ ಪ್ರವಾಸದ ಸಾರವೆಲ್ಲ ಆ ಅಡ್ಡದಾರಿಗಳಲ್ಲಿದೆ.

ದಿಕ್ಕು ಮತ್ತು ಕಾಲ

ಡೌನ್‌ನಿಂದ ಹೊರಡಿ, ಬರ್ನ್‌ಕಾಸ್ಟೆಲ್‌ನಲ್ಲಿ ಮುಗಿಸಿ. ಡೌನ್ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಮೇಲಿದೆ, ಬರ್ನ್‌ಕಾಸ್ಟೆಲ್ ಬರೀ 110 ಮೀಟರ್ ಆಸುಪಾಸು. ಶುರುವಿನಲ್ಲಿ ಸ್ವಲ್ಪ ದೂರ ಮೆತ್ತನೆಯ ಏರು ಸಿಗುತ್ತದೆ, ಆಮೇಲೆ ಬಹುಮಟ್ಟಿಗೆ ಇಳಿಜಾರು.

ಮೇ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಒಳ್ಳೆಯ ಕಾಲ. ನನ್ನ ಆಯ್ಕೆ ಜೂನ್. ಹಗಲು ಉದ್ದ, ಹುಲ್ಲುಗಾವಲಲ್ಲಿ ಹೂವು, ಕೆರೆಯಲ್ಲಿ ಈಜುವಷ್ಟು ಬಿಸಿಲು. ಸೆಪ್ಟೆಂಬರ್ ಆರಂಭದಲ್ಲಿ ಬರ್ನ್‌ಕಾಸ್ಟೆಲ್‌ನಲ್ಲಿ ದೊಡ್ಡ ವೈನ್ ಹಬ್ಬ ನಡೆಯುತ್ತದೆ. ಹಬ್ಬಕ್ಕೆಂದೇ ಹೋಗುವುದಾದರೆ ಕೋಣೆಯನ್ನು ತಿಂಗಳುಗಟ್ಟಲೆ ಮೊದಲೇ ಹಿಡಿಯಿರಿ. ಇಲ್ಲವಾದರೆ ಆ ವಾರ ಬಿಟ್ಟುಬಿಡಿ. ಐಫೆಲ್‌ನಲ್ಲಿ ಬೇಸಿಗೆಯಲ್ಲೂ ಮಳೆ ಬರುತ್ತದೆ, ಬೆಳಗ್ಗೆ ಚಳಿ ಇರುತ್ತದೆ. ಕಣಿವೆಗಿಳಿದ ಮೇಲೆ ಸೆಕೆ. ಒಂದೇ ದಪ್ಪ ಜಾಕೆಟ್ ಬದಲು ತೆಳ್ಳಗಿನ ಎರಡು ಮೂರು ಪದರ ಇರಲಿ.

ಸೈಕಲ್ ತಯಾರಿ

ದಾರಿ ಬಹುತೇಕ ಡಾಂಬರಿನದು. ದುಬಾರಿ ಸೈಕಲ್ ಬೇಡ. ಗೇರ್ ಇರುವ ಸಾಮಾನ್ಯ ಟ್ರೆಕಿಂಗ್ ಸೈಕಲ್, 35ರಿಂದ 40 ಮಿಲಿಮೀಟರ್ ಅಗಲದ ಟೈರ್ ಸಾಕು. ಮಾರ್‌ಗಳ ಅಂಚಿಗೆ ಹೋಗುವ ಏರು ನಿಜವಾಗಿ ಕಡಿದು. ಹಾಗಾಗಿ ಹಗುರವಾದ ಗೇರ್ ಒಂದಾದರೂ ಇರಬೇಕು. ಇಲ್ಲವೆಂದರೆ ಇಳಿದು ತಳ್ಳಿಕೊಂಡು ಹೋಗಿ, ಅದರಲ್ಲಿ ಸಂಕೋಚ ಏನಿಲ್ಲ. ಮನೆಯ ಹಿರಿಯರಿಗೆ ಬ್ಯಾಟರಿ ಸೈಕಲ್ ಬಾಡಿಗೆಗೆ ಪಡೆಯಿರಿ. ಗಂಟೆಗೆ 25 ಕಿಲೋಮೀಟರ್‌ವರೆಗೆ ಮಾತ್ರ ಸಹಾಯ ಕೊಡುವ ಪೆಡೆಲೆಕ್ ಜರ್ಮನ್ ಕಾನೂನಿನಲ್ಲಿ ಸೈಕಲ್ಲೇ. ಈ ದಾರಿಯಲ್ಲಿ ಅದಕ್ಕೆ ತಡೆ ಇಲ್ಲ.

ದೀಪ ಕಡ್ಡಾಯವಾಗಿ ತನ್ನಿ. ಕತ್ತಲಾಗುವ ಮೊದಲೇ ಮುಟ್ಟಿಬಿಡ್ತೀವಲ್ಲ ಅಂತ ಬಿಟ್ಟು ಬರಬೇಡಿ. ಸುರಂಗಗಳಿವೆ, ಅವುಗಳಲ್ಲಿ ದೊಡ್ಡದು ಅರ್ಧ ಕಿಲೋಮೀಟರಿಗೂ ಉದ್ದ. ಒಳಗೆ ದೀಪ ಇದ್ದರೂ ಹೊರಗಿನ ಬಿಸಿಲಿನಿಂದ ಒಳಗೆ ಹೊಕ್ಕ ಕೂಡಲೇ ಕಣ್ಣು ಕಟ್ಟುತ್ತದೆ. ಎದುರಿನಿಂದ ಬರುವವರಿಗೆ ನೀವು ಕಾಣಬೇಕು. ತಂಪು ಗಾಳಿಯೂ ಹೊಡೆಯುತ್ತದೆ, ಮಕ್ಕಳಿಗೆ ಮೊದಲೇ ಒಂದು ಮೇಲಂಗಿ ಹಾಕಿಸಿ.

ಬೆನ್ನಿಗೆ ಬ್ಯಾಗ್ ಹಾಕಿಕೊಳ್ಳಬೇಡಿ. ಸೊಂಟ ಹಿಡಿಯುತ್ತದೆ. ಹಿಂದಿನ ಕ್ಯಾರಿಯರ್‌ಗೆ ಎರಡೂ ಬದಿ ಬ್ಯಾಗ್ ತಗುಲಿಸಿ, ಭಾರ ಸಮನಾಗಿ ಹಂಚಿ. ಒಂದು ಹೆಚ್ಚುವರಿ ಟ್ಯೂಬ್, ಪಂಪ್, ಟೈರ್ ಬಿಚ್ಚುವ ಪ್ಲಾಸ್ಟಿಕ್ ಲಿವರ್, ಸಣ್ಣ ಅಲನ್ ಕೀ ಸೆಟ್, ಇಷ್ಟು ಜೊತೆಗಿರಲಿ. ಹೊರಡುವ ವಾರ ಬ್ರೇಕ್ ಪ್ಯಾಡ್ ನೋಡಿ.

ಡೌನ್ ತಲುಪುವುದು ಹೇಗೆ

ಎಡವುವ ಜಾಗ ಇದೇ, ಯಾಕೆಂದರೆ ಡೌನ್‌ಗೆ ಈಗ ದಿನನಿತ್ಯದ ರೈಲು ಇಲ್ಲ. ಸುಲಭದ ದಾರಿ ಹೀಗಿದೆ. ಕೋಬ್ಲೆನ್ಸ್ ಮತ್ತು ಟ್ರಿಯರ್ ನಡುವಿನ ರೈಲು ಹಿಡಿದು ವಿಟ್‌ಲಿಷ್ ಮುಖ್ಯ ನಿಲ್ದಾಣದಲ್ಲಿ ಇಳಿಯಿರಿ. ಈ ನಿಲ್ದಾಣ ಊರೊಳಗಿಲ್ಲ, ಕೆಲವು ಕಿಲೋಮೀಟರ್ ದೂರದ ವೆಂಗೆರೋರ್‌ನಲ್ಲಿದೆ. ಅಲ್ಲಿಂದ ರೆಗಿಯೋರಾಡ್ಲರ್ ಎಂಬ ಬಸ್ಸು ಡೌನ್‌ಗೆ ಹೋಗುತ್ತದೆ. ಬಸ್ಸಿನ ಹಿಂದೆ ಸೈಕಲ್‌ಗೆಂದೇ ಟ್ರೇಲರ್ ಕಟ್ಟಿರುತ್ತಾರೆ. ಏಪ್ರಿಲ್‌ನಿಂದ ಅಕ್ಟೋಬರ್ ಕೊನೆಯವರೆಗೆ ಓಡುತ್ತದೆ.

ಬಸ್ಸಿನಲ್ಲಿ ಸೈಕಲ್‌ಗೆ ಮೊದಲೇ ಜಾಗ ಕಾದಿರಿಸಿ. ವಾರಾಂತ್ಯದ ಬಿಸಿಲಿದ್ದರೆ ಟ್ರೇಲರ್ ತುಂಬಿಬಿಡುತ್ತದೆ. ಮುಂಗಡ ಕಾದಿರಿಸಿದವರಿಗೇ ಮೊದಲ ಹಕ್ಕು.

ಡಾಯ್ಚ್‌ಲಾಂಡ್ ಟಿಕೆಟ್ (ದೇಶದ ಪ್ರಾದೇಶಿಕ ರೈಲು, ಬಸ್ಸುಗಳಿಗೆಲ್ಲ ಒಂದೇ ತಿಂಗಳ ಪಾಸು) ಇರುವವರು ನೆನಪಿಡಿ, ಅದು ನಿಮಗೆ ಮಾತ್ರ, ನಿಮ್ಮ ಸೈಕಲ್‌ಗಲ್ಲ. ಆದರೆ ರೈನ್‌ಲ್ಯಾಂಡ್-ಫಾಲ್ಟ್ಸ್ ರಾಜ್ಯದ ಪ್ರಾದೇಶಿಕ ರೈಲುಗಳಲ್ಲಿ ವಾರದ ದಿನ ಬೆಳಗ್ಗೆ 9ರ ನಂತರ, ಶನಿವಾರ ಭಾನುವಾರ ಇಡೀ ದಿನ, ಸೈಕಲ್‌ಗೆ ಹಣ ಕೊಡಬೇಕಿಲ್ಲ. ಫ್ರಾಂಕ್‌ಫರ್ಟ್ ಸುತ್ತಲಿನ ಆರ್‌ಎಂವಿ ಸಾರಿಗೆ ಒಕ್ಕೂಟದ ವ್ಯಾಪ್ತಿಯಲ್ಲೂ ಉಚಿತ. ಕಲೋನ್ ಕಡೆಯಿಂದ ಬರುವವರು ಸೈಕಲ್ ಟಿಕೆಟ್ ತೆಗೆದುಕೊಳ್ಳಬೇಕು. ಉಚಿತ ಅಂದ ಮಾತ್ರಕ್ಕೆ ಜಾಗ ಇದ್ದೇ ಇರುತ್ತದೆ ಎಂದಲ್ಲ. ನಾಲ್ಕೈದು ಜನರ ಗುಂಪಾದರೆ ಬೆಳಗಿನ ರೈಲನ್ನೇ ಹಿಡಿಯಿರಿ.

ಮೊದಲ ದಿನ: ಡೌನ್‌ನಿಂದ ಗಿಲ್ಲೆನ್‌ಫೆಲ್ಡ್

ಹದಿನೈದು ಕಿಲೋಮೀಟರ್ ಆಸುಪಾಸಿನ ಹಾದಿ. ಇಷ್ಟಕ್ಕೆ ಒಂದು ದಿನವಾ ಅನ್ನಿಸಬಹುದು. ಬೇಕು. ಮೂರು ಕೆರೆಗಳೂ ಒಂದು ಸುರಂಗವೂ ಈ ತುಂಡಿನಲ್ಲಿವೆ.

ಹೊರಡುವ ಮೊದಲು ಡೌನ್‌ನಲ್ಲಿರುವ ಐಫೆಲ್ ಜ್ವಾಲಾಮುಖಿ ಮ್ಯೂಸಿಯಂಗೆ ಒಂದು ಗಂಟೆ ಕೊಡಿ. ಮುಂದೆ ಕಣ್ಣಿಗೆ ಬೀಳುವುದೆಲ್ಲ ಅರ್ಥವಾಗುತ್ತದೆ. ಇಲ್ಲಿ ಚೂಪು ಶಿಖರದ ಬೆಟ್ಟಗಳಿಗಿಂತ ಹೆಚ್ಚು ಗಮನ ಸೆಳೆಯುವುದು ಮಾರ್‌ಗಳು. ನೆಲದಾಳದಿಂದ ಮೇಲೇರಿದ ಶಿಲಾಪಾಕ ಅಂತರ್ಜಲವನ್ನು ಮುಟ್ಟಿತು. ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ನೀರು ಒಮ್ಮೆಗೇ ಹಬೆಯಾಯಿತು. ಆ ಹಬೆಗೆ ಜಾಗ ಸಾಲದೆ ಮೇಲಿನ ಬಂಡೆಯೆಲ್ಲ ಸಿಡಿದು ಪುಡಿಯಾಗಿ ಹಾರಿತು. ಉಳಿದ ಗುಂಡಿಯ ಮೇಲ್ಭಾಗ ಕುಸಿದು ಅಗಲವಾಯಿತು. ಸಿಡಿದ ಪುಡಿ ಸುತ್ತ ಬಿದ್ದು ದಿಬ್ಬವಾಯಿತು. ಗುಂಡಿಯಲ್ಲಿ ನೀರು ನಿಂತು ಕೆರೆಯಾಯಿತು. ಹಾಗಾಗಿಯೇ ಇವು ಇಷ್ಟು ದುಂಡಗಿವೆ, ಇಷ್ಟು ಆಳವಾಗಿವೆ.

ವಿಜಯಪುರ, ಬೀದರ್ ಕಡೆಯವರು ಕಪ್ಪು ಮಣ್ಣಿನಲ್ಲಿ ಬೆಳೆದವರು. ಆ ಮಣ್ಣು ಹುಟ್ಟಿದ್ದೂ ಲಾವಾ ಶಿಲೆಯಿಂದಲೇ. ಆದರೆ ಅಲ್ಲಿನ ಲಾವಾ ಹರಿದು ಸುಮಾರು 6.6 ಕೋಟಿ ವರ್ಷ ಆಯಿತು. ಐಫೆಲ್‌ನಲ್ಲಿ ಉಲ್ಮೆನ್ ಊರಿನ ಮಾರ್ ಸಿಡಿದದ್ದು ಹನ್ನೊಂದು ಸಾವಿರ ವರ್ಷದ ಹಿಂದಷ್ಟೇ. ಆಗ ಯುರೋಪಿನ ಕಾಡುಗಳಲ್ಲಿ ಮನುಷ್ಯರು ಬೇಟೆಯಾಡುತ್ತಿದ್ದರು.

ಡೌನ್ ಬಿಡುತ್ತಿದ್ದಂತೆ ಲೀಸರ್ ಹೊಳೆಯ ಕಣಿವೆ ದಾಟಿಸುವ ಎತ್ತರದ ಕಮಾನು ಸೇತುವೆ ಸಿಗುತ್ತದೆ. ನಿಂತು ಹಿಂದೆ ತಿರುಗಿ ಊರು ನೋಡಿ. ಸ್ವಲ್ಪ ಮುಂದೆ ದೊಡ್ಡ ಸುರಂಗ, ಗ್ರೋಸೆಸ್ ಶ್ಲಿಟ್ಸ್‌ಓರ್, ಉದ್ದ 560 ಮೀಟರ್. ಸುರಂಗದಾಚೆ ಶಾಲ್ಕೆನ್‌ಮೇರೆನ್ ಊರು.

ಇಲ್ಲಿ ಮೊದಲ ಅಡ್ಡದಾರಿ. ಊರು ಮಾರ್‌ನ ಅಂಚಿನಲ್ಲೇ ಕೂತಿದೆ. ಈ ಕೆರೆ 20 ಮೀಟರಿನಷ್ಟು ಮಾತ್ರ ಆಳ, ದಡದಲ್ಲಿ ಜೊಂಡು ಬೆಳೆದಿದೆ. ಇದರ ಮೇಲಿನ ದಿಬ್ಬಕ್ಕೆ ಏರಿ. ಸೈಕಲ್ ತಳ್ಳಿಕೊಂಡೇ ಹೋಗಬೇಕಾಗಬಹುದು, ಅಥವಾ ಕೆಳಗೆ ಬೀಗ ಹಾಕಿ ನಡೆಯಿರಿ. ದಿಬ್ಬದ ಒಂದು ಬದಿಗೆ ಊರಿನ ಕೆರೆ, ಇನ್ನೊಂದು ಬದಿಗೆ ವೈನ್‌ಫೆಲ್ಡರ್ ಮಾರ್. ಒಂದೇ ಜಾಗದಲ್ಲಿ ನಿಂತು ಎರಡು ಸ್ಫೋಟದ ಗುಂಡಿಗಳನ್ನು ನೋಡುವುದು ಎಲ್ಲೆಲ್ಲೂ ಸಿಗುವ ಅವಕಾಶವಲ್ಲ. ವೈನ್‌ಫೆಲ್ಡರ್ ಮಾರ್ 51 ಮೀಟರ್ ಆಳ. ಅದರ ದಡದಲ್ಲಿ ಬಿಳಿ ಗೋಡೆಯ ಪುಟ್ಟ ಚರ್ಚು, ಸುತ್ತ ಸಮಾಧಿಗಳು. ವೈನ್‌ಫೆಲ್ಡ್ ಎಂಬ ಊರೇ ಇಲ್ಲಿತ್ತು. 16ನೇ ಶತಮಾನದ ಪ್ಲೇಗಿನ ಕಾಲದಲ್ಲಿ ಊರು ಬರಿದಾಯಿತು, ಚರ್ಚು ಮಾತ್ರ ಉಳಿಯಿತು. ಜನ ಇದನ್ನು ಸತ್ತವರ ಮಾರ್ ಎಂದೂ ಕರೆಯುತ್ತಾರೆ. ಇಲ್ಲಿ ಈಜುವಂತಿಲ್ಲ.

ಕಾಲಲ್ಲಿ ಶಕ್ತಿ ಇದ್ದವರು ಪಕ್ಕದ ಮೊಯ್ಸೆಬೆರ್ಗ್ ಗುಡ್ಡದ ಮೇಲಿನ ಡ್ರೊಂಕೆ ಗೋಪುರ ಹತ್ತಬಹುದು. ಅದರಾಚೆ ಕಾಡಿನ ನಡುವೆ ಗೆಮ್ಯುಂಡೆನರ್ ಮಾರ್ ಇದೆ, ಮೂರರಲ್ಲಿ ಅತಿ ಚಿಕ್ಕದು. ಅಲ್ಲಿ ಬೇಸಿಗೆಯಲ್ಲಿ ಈಜಲು ಬಿಡುತ್ತಾರೆ.

ಮತ್ತೆ ಹಳಿಯ ದಾರಿಗಿಳಿದರೆ ಗಿಲ್ಲೆನ್‌ಫೆಲ್ಡ್‌ವರೆಗೆ ಆರಾಮ. ರಾತ್ರಿ ಇಲ್ಲೇ ಉಳಿಯಿರಿ. ಕೋಣೆ ಸೇರಿದ ಮೇಲೆ ಬ್ಯಾಗ್ ಇಳಿಸಿ, ಹಗುರಾಗಿ ಪುಲ್ವರ್‌ಮಾರ್‌ಗೆ ಹೋಗಿ. ಐಫೆಲ್‌ನ ಮಾರ್ ಕೆರೆಗಳಲ್ಲೇ ಇದು ಅತಿ ಆಳ, 70 ಮೀಟರಿಗೂ ಹೆಚ್ಚು. ಆಕಾರ ಕೈವಾರ ಇಟ್ಟು ಬರೆದಷ್ಟು ದುಂಡಗೆ. ಈಜಲು ಕಾವಲಿರುವ ಜಾಗವಿದೆ, ಅಲ್ಲಿ ಮಾತ್ರ ಇಳಿಯಿರಿ. ದಡ ಬೇಗ ಆಳಕ್ಕೆ ಹೋಗುತ್ತದೆ. ಈಜು ಬರದ ಮಕ್ಕಳನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ. ಈಜು ಬೇಡವೆಂದರೆ ಕೆರೆಯ ಸುತ್ತ ಕಾಲುದಾರಿ ಇದೆ.

ಎರಡನೇ ದಿನ: ಗಿಲ್ಲೆನ್‌ಫೆಲ್ಡ್‌ನಿಂದ ಬರ್ನ್‌ಕಾಸ್ಟೆಲ್

ಬೆಳಗ್ಗೆ ಮೊದಲು ಪಕ್ಕದ ಶ್ಟ್ರೋನ್ ಊರಿಗೆ ಹೋಗಿ ಬನ್ನಿ, ಎರಡು ಮೂರು ಕಿಲೋಮೀಟರ್ ಅಷ್ಟೇ. ಅಲ್ಲಿ ರಸ್ತೆ ಬದಿಯಲ್ಲಿ ಸುಮಾರು 5 ಮೀಟರ್ ಅಡ್ಡಳತೆಯ, 120 ಟನ್ ತೂಕದ ಲಾವಾ ಉಂಡೆ ಕೂತಿದೆ. ಹತ್ತಿರದ ಕಲ್ಲುಗಣಿಯಲ್ಲಿ 1969ರಲ್ಲಿ ಸಿಕ್ಕಿತು. ಇಷ್ಟು ಭಾರದ್ದು ಆಕಾಶಕ್ಕೆ ಹಾರಿ ಬಿದ್ದದ್ದಲ್ಲ. ಕುಳಿಯೊಳಗೆ ಮತ್ತೆ ಮತ್ತೆ ಉರುಳಿ, ಬಿಸಿ ಲಾವಾ ಮೈಗೆ ಮೆತ್ತಿಕೊಳ್ಳುತ್ತಾ ಬೆಳೆದದ್ದು. ಮಕ್ಕಳಿದ್ದರೆ ಇದನ್ನು ತಪ್ಪಿಸಬೇಡಿ.

ಮುಂದೆ ಎಕ್‌ಫೆಲ್ಡ್ ಸುತ್ತಮುತ್ತ ದಾರಿ ಹೊಲ ಮತ್ತು ಕಾಡಿನ ನಡುವೆ ಹೋಗುತ್ತದೆ. ಇಲ್ಲಿಯ ಒಣಗಿದ ಹಳೆಯ ಮಾರ್ 4.4 ಕೋಟಿ ವರ್ಷ ಹಳೆಯದು. ಅದರ ಕೆಸರಿನಲ್ಲಿ ನಾಯಿಯಷ್ಟು ಎತ್ತರದ ಆದಿಕಾಲದ ಕುದುರೆಯ ಪಳೆಯುಳಿಕೆ ಸಿಕ್ಕಿದೆ. ಅದನ್ನು ಮಾಂಡರ್‌ಶೈಡ್‌ನ ಮಾರ್ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಆದರೆ ಅಲ್ಲಿಗೆ ಹೋದರೆ ಆಳದ ಕಣಿವೆ ಇಳಿದು ಹತ್ತಬೇಕು. ಮೂರು ದಿನ ಇರುವವರಿಗೆ ಮಾತ್ರ ಅದನ್ನು ಹೇಳುತ್ತೇನೆ.

ಇಲ್ಲಿಂದ ವಿಟ್‌ಲಿಷ್‌ವರೆಗೆ ಉದ್ದನೆಯ ಇಳಿಜಾರು. ಪ್ಲೈನ್ ಊರಿನ ಹತ್ತಿರ ಮತ್ತೆ ಸುರಂಗಗಳು, ಸೇತುವೆಗಳು. ಇಳಿಜಾರಲ್ಲಿ ವೇಗ ಗೊತ್ತಾಗದಂತೆ ಏರುತ್ತದೆ. ನಡೆದು ಬರುವವರು, ನಾಯಿ, ಪುಟ್ಟ ಮಕ್ಕಳು ಇದೇ ದಾರಿಯಲ್ಲಿರುತ್ತಾರೆ. ದೂರದಿಂದಲೇ ಬೆಲ್ ಮಾಡಿ, ನಿಧಾನಿಸಿ, ಎಡಗಡೆಯಿಂದ ದಾಟಿ. ಜರ್ಮನಿಯಲ್ಲಿ ಬಲಗಡೆ ಸಂಚಾರ ಎಂಬುದು ಹೊಸದಾಗಿ ಬಂದ ಹಿರಿಯರಿಗೆ ಮರೆತುಹೋಗುತ್ತದೆ, ಅಲ್ವಾ? ಅವರನ್ನು ನಡುವೆ ಇಟ್ಟುಕೊಂಡು ಹೋಗಿ. ಹಳಿಯ ದಾರಿ ಹಳ್ಳಿರಸ್ತೆಗಳನ್ನು ಅಡ್ಡ ದಾಟುವ ಕಡೆ ಕಾರಿಗೇ ಮೊದಲ ಹಕ್ಕು ಇರುತ್ತದೆ. ಅಲ್ಲಿ ಎಲ್ಲರೂ ನಿಲ್ಲಬೇಕು. ಓಡಿಸುತ್ತಾ ಫೋನ್ ಕೈಯಲ್ಲಿ ಹಿಡಿದರೆ 55 ಯುರೋ ದಂಡ.

ವಿಟ್‌ಲಿಷ್‌ನಲ್ಲಿ ಮಧ್ಯಾಹ್ನದ ಊಟ. ಇಲ್ಲಿಯವರು ಹೇಳುವ ಒಂದು ಕಥೆ ಇದೆ. ಒಂದು ಸಂಜೆ ಕೋಟೆ ಬಾಗಿಲಿನ ಅಗುಳಿ ಸಿಗದೆ ಕಾವಲುಗಾರ ಗೆಡ್ಡೆಯೊಂದನ್ನು ಸಿಕ್ಕಿಸಿದನಂತೆ. ಹಂದಿಯೊಂದು ಅದನ್ನು ತಿಂದುಬಿಟ್ಟಿತು. ಬಾಗಿಲು ತೆರೆದು ಶತ್ರುಗಳು ಊರೊಳಗೆ ನುಗ್ಗಿದರು. ಸಿಟ್ಟಿಗೆದ್ದ ಊರವರು ಹಂದಿಗಳನ್ನೆಲ್ಲ ಸುಟ್ಟರು. ಆಗಸ್ಟ್‌ನಲ್ಲಿ ಈ ಕಥೆಯ ಹೆಸರಿನಲ್ಲೇ ಜಾತ್ರೆ ನಡೆಯುತ್ತದೆ. ಅದು ಹಂದಿಮಾಂಸದ ಜಾತ್ರೆ. ಸಸ್ಯಾಹಾರಿಗಳು ದಿನಾಂಕ ನೋಡಿಕೊಂಡು ಹೊರಡಿ.

ವಿಟ್‌ಲಿಷ್ ದಾಟಿದ ಮೇಲೆ ಜ್ವಾಲಾಮುಖಿ ಸೀಮೆ ಹಿಂದೆ ಉಳಿಯಿತು. ಪ್ಲಾಟೆನ್, ಮಾರಿಂಗ್-ನೋವಿಯಾಂಡ್, ಲೀಸರ್ ಊರುಗಳ ಮೂಲಕ ದ್ರಾಕ್ಷಿ ತೋಟಗಳ ನಡುವೆ ಹೋಗುತ್ತೀರಿ. ಕೊನೆಗೆ ನದಿ ದಡ. ಬರ್ನ್‌ಕಾಸ್ಟೆಲ್‌ನ ಚೌಕದಲ್ಲಿ ಮರದ ತೊಲೆಗಳ ಹಳೆಯ ಮನೆಗಳಿವೆ. ಎದುರು ದಡದ ಕೂಸ್‌ನಲ್ಲಿ 1401ರಲ್ಲಿ ಹುಟ್ಟಿದ ತತ್ವಜ್ಞಾನಿ ಕೂಸಾದ ನಿಕೋಲಸ್ ಸ್ಥಾಪಿಸಿದ ಆಶ್ರಯಧಾಮ ಈಗಲೂ ಇದೆ, ಅವರ ಗ್ರಂಥಾಲಯದ ಸಮೇತ.

ಹೊಟ್ಟೆಪಾಡು

ಇಲ್ಲಿ ಹಳ್ಳಿಗಳು ತೀರ ಚಿಕ್ಕವು. ಎಲ್ಲ ಊರಲ್ಲೂ ಅಂಗಡಿ ಇಲ್ಲ. ಭಾನುವಾರ ಸೂಪರ್‌ಮಾರ್ಕೆಟ್ ಪೂರ್ತಿ ಮುಚ್ಚಿರುತ್ತದೆ, ಬೇಕರಿ ಬೆಳಗ್ಗೆ ಕೆಲವು ಗಂಟೆ ತೆರೆದರೆ ಪುಣ್ಯ. ಹೋಟೆಲುಗಳಿಗೆ ವಾರದಲ್ಲಿ ಒಂದೋ ಎರಡೋ ದಿನ ರಜೆ, ಹೆಚ್ಚಾಗಿ ಸೋಮವಾರ ಅಥವಾ ಮಂಗಳವಾರ. ಹಾಗಾಗಿ ಬುತ್ತಿ ಕಟ್ಟಿಕೊಳ್ಳಿ. ಚಪಾತಿ ಮತ್ತು ಒಣ ಪಲ್ಯ, ಚಟ್ನಿಪುಡಿ, ಕಡ್ಲೆಬೀಜ, ಬೆಲ್ಲ ಎರಡು ದಿನ ಕೆಡುವುದಿಲ್ಲ. ಒಗ್ಗರಣೆ ಹಾಕಿದ ಒಣ ಅವಲಕ್ಕಿಗಿಂತ ಹಗುರವಾದ ತಿಂಡಿ ಸೈಕಲ್ ಮೇಲೆ ನನಗೆ ಸಿಕ್ಕಿಲ್ಲ. ಹೋಟೆಲಿನಲ್ಲಿ ಸಸ್ಯಾಹಾರಿಗಳಿಗೆ ಚೀಸ್ ಹಾಕಿದ ಶ್ಪೆಟ್ಸ್‌ಲೆ (ಹಿಟ್ಟಿನ ನೂಡಲ್), ಸಲಾಡ್, ಹುರಿದ ಆಲೂಗಡ್ಡೆ ಸಿಗುತ್ತದೆ. ಆಲೂಗಡ್ಡೆಗೆ ಹಂದಿಮಾಂಸದ ಚೂರು ಹಾಕುವ ವಾಡಿಕೆ ಇದೆ, ಬಡಿಸುವ ಮೊದಲೇ ಕೇಳಿ.

ನೀರು ಇಬ್ಬರಿಗೆ ಮೂರು ಲೀಟರ್ ಹಿಡಿಯಿರಿ. ಸ್ಮಶಾನಗಳಲ್ಲಿ ನಲ್ಲಿ ಇರುತ್ತದೆ, ಆದರೆ ಕೈನ್ ಟ್ರಿಂಕ್‌ವಾಸರ್ ಎಂದು ಬರೆದಿದ್ದರೆ ಅದು ಕುಡಿಯುವ ನೀರಲ್ಲ. ಇಲ್ಲಿಯ ಬಾಟಲಿ ನೀರು ಹೆಚ್ಚಾಗಿ ಗುಳ್ಳೆ ನೀರು. ಜ್ವಾಲಾಮುಖಿ ನೆಲದಿಂದ ಏಳುವ ಇಂಗಾಲದ ಡೈಆಕ್ಸೈಡ್ ಅಂತರ್ಜಲಕ್ಕೆ ಸೇರಿ ಇಲ್ಲಿಯ ಚಿಲುಮೆಗಳೇ ಗುಳ್ಳೆ ಗುಳ್ಳೆಯಾಗಿ ಹರಿಯುತ್ತವೆ. ಗೆರೋಲ್‌ಶ್ಟೈನ್‌ನ ನೀರು ಅದರಿಂದಲೇ ಹೆಸರಾದದ್ದು.

ದಾರಿ ತಪ್ಪದಿರಲು

ಬಿಳಿ ಫಲಕದ ಮೇಲೆ ಹಸಿರು ಅಕ್ಷರ, ಕೆಳಗೆ ಮಾರೆ-ಮೋಸೆಲ್ ಗುರುತು, ಇದನ್ನು ಹಿಂಬಾಲಿಸಿದರೆ ಸಾಕು. ಕೋಮೂಟ್‌ನಂಥ ಆ್ಯಪ್‌ನಲ್ಲಿ ದಾರಿಯನ್ನು ಮೊದಲೇ ಡೌನ್‌ಲೋಡ್ ಮಾಡಿ, ಕಣಿವೆಗಳಲ್ಲಿ ನೆಟ್‌ವರ್ಕ್ ಹೋಗುತ್ತದೆ. ಉಮ್‌ಲೈಟುಂಗ್ ಎಂಬ ಫಲಕ ಕಂಡರೆ ಮುಂದೆ ರಿಪೇರಿ ಇದೆ, ಬದಲಿ ದಾರಿ ಹಿಡಿಯಬೇಕು ಎಂದರ್ಥ. ಬದಲಿ ದಾರಿ ಏರಿನದ್ದಾಗಿರಬಹುದು. ಆದ್ದರಿಂದ ಹೊರಡುವ ಹಿಂದಿನ ದಿನ ಈ ಮಾರ್ಗದ ಸೂಚನೆಗಳನ್ನು ಒಮ್ಮೆ ನೋಡಿ. ತುರ್ತಿಗೆ 112.

ವಾಪಸ್ ಬರುವುದು

ಬರ್ನ್‌ಕಾಸ್ಟೆಲ್‌ಗೂ ರೈಲು ಇಲ್ಲ. ರೆಗಿಯೋರಾಡ್ಲರ್ ಬಸ್ಸಿನಲ್ಲೇ ವಿಟ್‌ಲಿಷ್ ನಿಲ್ದಾಣಕ್ಕೆ ಮರಳಬಹುದು. ನನಗೆ ಇಷ್ಟವಾದ ಉಪಾಯ ಬೇರೆ. ರಾತ್ರಿ ಬರ್ನ್‌ಕಾಸ್ಟೆಲ್‌ನಲ್ಲಿ ಉಳಿದು, ಮರುದಿನ ನದಿ ದಡದಲ್ಲೇ ಸುಮಾರು 24 ಕಿಲೋಮೀಟರ್ ಕೆಳಗಿನ ಟ್ರಾಬೆನ್-ಟ್ರಾರ್‌ಬಾಖ್‌ವರೆಗೆ ಹೋಗಿ. ದಾರಿ ಚಪ್ಪಟೆ. ಅಲ್ಲಿಂದ ಸಣ್ಣ ರೈಲು ಬುಲ್ಲೈಗೆ ಬಿಡುತ್ತದೆ, ಬುಲ್ಲೈನಿಂದ ಕೋಬ್ಲೆನ್ಸ್, ಟ್ರಿಯರ್ ಎರಡೂ ಕಡೆ ರೈಲಿದೆ.

ಇದು ಮುಗಿದ ಮೇಲೆ

ಫ್ರಾಂಕ್‌ಫರ್ಟ್‌ನವರಿಗೆ ಹತ್ತಿರದ್ದು ಫೋಗೆಲ್ಸ್‌ಬೆರ್ಗ್‌ನ ವುಲ್ಕಾನ್‌ರಾಡ್‌ವೆಗ್. ಅದೂ ಹಳೆಯ ಹಳಿಯೇ. ಲೌಟರ್‌ಬಾಖ್ ಮತ್ತು ಶ್ಟಾಕ್‌ಹೈಮ್ ಎರಡು ಕಡೆಯೂ ರೈಲು ನಿಲ್ದಾಣವಿದೆ. ಅಲ್ಲಿ ಮಾರ್ ಇಲ್ಲ, ಬಸಾಲ್ಟ್ ಬೆಟ್ಟಗಳ ಅಗಲವಾದ ಸೀಮೆ. ಯಾವ ಕಡೆಯಿಂದ ಹೊರಟರೂ ಮೊದಲು ಹಾರ್ಟ್‌ಮಾನ್ಸ್‌ಹೈನ್‌ವರೆಗೆ ಉದ್ದನೆಯ ನಿಧಾನದ ಏರು ತುಳಿಯಬೇಕು. ಬೇಸಿಗೆಯ ವಾರಾಂತ್ಯದಲ್ಲಿ ಸೈಕಲ್ ಟ್ರೇಲರ್ ಇರುವ ಬಸ್ಸು ನಿಮ್ಮನ್ನು ಮೇಲೆ ಬಿಡುತ್ತದೆ.

ರಜೆ ಜಾಸ್ತಿ ಇದ್ದರೆ ಸ್ಪೇನಿನ ಕ್ಯಾಟಲೋನಿಯಾಕ್ಕೆ ಹೋಗಿ. ಓಲೋಟ್ ಊರಿನಿಂದ ಜಿರೋನಾವರೆಗೆ 1969ರಲ್ಲಿ ನಿಂತುಹೋದ ಪುಟ್ಟ ಹಳಿಯ ರೈಲುದಾರಿ ಈಗ ಸೈಕಲ್ ದಾರಿ, ಐವತ್ತು ಚಿಲ್ಲರೆ ಕಿಲೋಮೀಟರ್. ಓಲೋಟ್‌ನ ಮನೆಗಳ ನಡುವೆಯೇ ಜ್ವಾಲಾಮುಖಿ ಶಂಕುಗಳಿವೆ. ಸಾಂತಾ ಮಾರ್ಗರಿಡಾ ಕುಳಿಯ ನಟ್ಟನಡುವೆ ಒಂದು ಚರ್ಚು ನಿಂತಿದೆ. ನೆಲ ಗಟ್ಟಿ ಮಣ್ಣು-ಜಲ್ಲಿಯದು. ಅಲ್ಲಿಗೆ 40 ಮಿಲಿಮೀಟರ್‌ಗಿಂತ ತೆಳು ಟೈರ್ ಬೇಡ.